ಹಯವದನನ ಇಂಗ್ಲಿಷ್ ಒಗೆತ

ಇಂಗ್ಲಿಷ್ ಕಲಿಯುವುದಕ್ಕೆ ಇಂಗ್ಲೆಂಡಿಗೆ ಹೋದವರಿದ್ದಾರೆ, ಅಮೆರಿಕಕ್ಕೆ ಹೋದವರಿದ್ದಾರೆ, ವಿಜಯನಗರದ ಮೂರನೇ ಮಹಡಿಯ ತರಗತಿಗೆ ಹೋಗಿ ಮೂವತ್ತೇ ದಿನದಲ್ಲಿ ಕಲಿತು ಇಳಿದುಬಂದವರೂ ಇದ್ದಾರೆ. ಇಂಗ್ಲಿಷ್ ಕಲಿಯುವುದಕ್ಕೆಂದೇ ಸ್ವೀಡನ್ನಿಗೆ ಬಂದವನು ಮಾತ್ರ, ನನಗೆ ತಿಳಿದ ಮಟ್ಟಿಗೆ, ನನ್ನ ಹೆಂಡತಿ ಜಾನಕಿಯ ಅಕ್ಕನ ಮಗ ಹಯವದನ ಒಬ್ಬನೇ.

ಅವನು ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಮೂರನೇ ವರ್ಷದ ಹುಡುಗ. ಆ ಕಾಲೇಜಿಗೂ ಸ್ಟಾಕ್‌ಹೋಮಿನ ಒಂದು ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿ ವಿನಿಮಯದ ಒಪ್ಪಂದ. ಆ ವರ್ಷ ಅರ್ಜಿ ಕರೆದಾಗ ಇಡೀ ತರಗತಿಯಲ್ಲಿ ಪಾಸ್‌ಪೋರ್ಟ್ ಇದ್ದವನು ಹಯವದನ ಮಾತ್ರ. ಪ್ರತಿಭೆ ಎಂದರೆ ಇದೇ ಎಂದು ಪ್ರಿನ್ಸಿಪಾಲರು ಹಾರ ಹಾಕಿ ಕಳಿಸಿಕೊಟ್ಟರು.

ಬರವಣಿಗೆಯಲ್ಲಿ ಹುಡುಗ ಗಟ್ಟಿಗ. ನೂರಕ್ಕೆ ತೊಂಬತ್ತರ ಕೆಳಗೆ ಇಳಿದವನಲ್ಲ. ಆದರೆ ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕೆಂದರೆ ಅವನ ಗಂಟಲಿಗೆ ಯಾರೋ ಬಿರಡೆ ಜಡಿದುಬಿಡುತ್ತಿದ್ದರು. ಎರಡನೇ ವರ್ಷದ ವೈವಾದಲ್ಲಿ ಪರೀಕ್ಷಕರು ನಿನ್ನ ಹೆಸರೇನು ಎಂದು ಕೇಳಿದ್ದಕ್ಕೆ ಅವರ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಪೂರ್ತಿ ಕುಡಿದು, ಕೈಮುಗಿದು ಹೊರಗೆ ಬಂದಿದ್ದ. ಈಗ ಇಲ್ಲಿಯೂ ಅಂಥದೇ ಒಂದು ಕಂಟಕ ಕಾದಿತ್ತು. ಜೂನ್ ಮೊದಲ ವಾರದಲ್ಲಿ ಮೌಖಿಕ ಪರೀಕ್ಷೆ. ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ತಪ್ಪಿದರೆ ಆರು ತಿಂಗಳ ಓದು ನೀರಿನಲ್ಲಿ ಹೋಮ. ಊರಿಗೆ ಹೋಗಿ ಜೂನಿಯರುಗಳ ಪಕ್ಕದಲ್ಲಿ ಕೂತು ಮತ್ತೆ ಮೂರನೇ ವರ್ಷ. ಅವನಮ್ಮ ಆಗಲೇ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು: "ನಮ್ಮ ಹಯೂ ಬರೋ ಹೊತ್ತಿಗೆ ಕನಸಲ್ಲೂ ಇಂಗ್ಲಿಷೇ ಮಾತಾಡ್ತಾನೆ."

ಜನವರಿಯಲ್ಲಿ ವಿಮಾನ ಇಳಿದವನೇ ಕೇಳಿದ, "ಚಿಕ್ಕಪ್ಪ, ಇಲ್ಲಿ ಎಲ್ರೂ ಸೂಪರ್ ಇಂಗ್ಲಿಷ್ ಮಾತಾಡ್ತಾರಂತೆ, ಹೌದಾ?"

"ಹೌದಪ್ಪ, ತುಂಬಾ ಚೆನ್ನಾಗಿ ಮಾತಾಡ್ತಾರೆ," ಎಂದೆ. ಮಾತಾಡಿದರೆ, ಎನ್ನುವ ಉಳಿದರ್ಧ ವಾಕ್ಯವನ್ನು ನುಂಗಿಕೊಂಡೆ. ಮೈನಸ್ ಹನ್ನೆರಡು ಡಿಗ್ರಿಯಲ್ಲಿ ಹುಡುಗನಿಗೆ ಇನ್ನಷ್ಟು ಚಳಿ ಯಾಕೆ?

ವಾರದೊಳಗೆ ಅವನಿಗೇ ತಿಳಿಯಿತು. ಸ್ಟಾಕ್‌ಹೋಮಿನ ಪಕ್ಕದ ನಮ್ಮ ಸೊಲ್ಲೆಂಟುನಾದ ಬಸ್‌ಸ್ಟಾಪಿನಲ್ಲಿ ಜನ ಒಬ್ಬರಿಂದೊಬ್ಬರು ಎರಡು ಮೀಟರ್ ದೂರ ನಿಂತಿರುತ್ತಾರೆ. ರೈಲಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗು ಕೂತಿರುತ್ತದೆ. ಕ್ಲಾಸಿನಲ್ಲಿ "ಹೇಯ್" ಎನ್ನುತ್ತಾರೆ, ಆಮೇಲೆ ಕಿವಿಗೆ ಹೆಡ್‌ಫೋನು. ನಮ್ಮ ಕಟ್ಟಡದಲ್ಲಿ ಇಪ್ಪತ್ತೆಂಟು ಮನೆ. ಪ್ರತಿ ಮನೆಯವರೂ ಹೊರಡುವ ಮುನ್ನ ಬಾಗಿಲ ಪೀಪ್‌ಹೋಲಿನಲ್ಲಿ ನೋಡಿ, ಮೆಟ್ಟಿಲ ಮೇಲೆ ನರಪಿಳ್ಳೆಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಚಿಲಕ ತೆಗೆಯುತ್ತಾರೆ. ಬಂದು ಮೂರು ವಾರವಾದರೂ ಹಯವದನನ ಕಿವಿಗೆ ಬಿದ್ದ ಇಂಗ್ಲಿಷ್ ಒಟ್ಟು ನಾಲ್ಕು ಪದ. ಅವನ್ನು ಹೇಳಿದ್ದು ಸೂಪರ್ ಮಾರ್ಕೆಟ್ಟಿನ ಯಂತ್ರ.

"ಚಿಕ್ಕಮ್ಮ, ಇದಕ್ಕಿಂತ ತುಮಕೂರೇ ವಾಸಿ. ಅಲ್ಲಿ ಬಸ್ ಕಂಡಕ್ಟರ್ ಆದ್ರೂ ಇಂಗ್ಲಿಷಲ್ಲಿ ಬೈತಿದ್ದ," ಎಂದು ಕಣ್ಣು ಒದ್ದೆ ಮಾಡಿಕೊಂಡ.

ಜಾನಕಿಗೆ ಕರುಳು ಚುರುಕ್ ಎಂದಿತು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಬಟ್ಟೆ ಒಗೆದು ತರಲು ಕಳಿಸಿದಳು. ಇಲ್ಲಿಂದ ಕಥೆ ಶುರು.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇದೆ. ಗೋಡೆಗೊಂದು ಹಲಗೆ, ಮನೆಗೊಂದು ಪುಟ್ಟ ಬೀಗ. ಬೇಕಾದ ದಿನ, ಬೇಕಾದ ವೇಳೆಯ ತೂತಿಗೆ ನಿಮ್ಮ ಬೀಗ ಸಿಕ್ಕಿಸಿದರೆ ಆ ಮೂರು ಗಂಟೆ ನಿಮ್ಮದು. ಈ ದೇಶದಲ್ಲಿ ದೇವರನ್ನು ನಂಬದವರು ಬೇಕಾದಷ್ಟಿದ್ದಾರೆ, ಆ ಹಲಗೆಯನ್ನು ನಂಬದವರು ಒಬ್ಬರೂ ಇಲ್ಲ. ವೇಳೆ ಮೀರಬಾರದು. ಒಣಗಿಸುವ ಯಂತ್ರದ ಜಾಲರಿಗೆ ಮೆತ್ತಿದ ಬಟ್ಟೆಯ ನಾರನ್ನು ತೆಗೆಯದೆ ಹೋಗಲೇಬಾರದು. ಹನ್ನೊಂದು ವರ್ಷದಲ್ಲಿ ನನ್ನ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ನನ್ನ ಜೀವನದ ಸಾಧನೆ ಏನೆಂದು ಕೇಳಿದರೆ ನಾನು ಅದನ್ನೇ ಹೇಳುತ್ತಿದ್ದೆ.

ಹಯವದನ ವೇಳೆಯನ್ನೂ ಮೀರಿದ, ಜಾಲರಿಯನ್ನೂ ಬಿಟ್ಟು ಬಂದ. ಮರೆತ ಸೋಪಿನ ಡಬ್ಬಿ ತರಲು ಮತ್ತೆ ಕೆಳಗೆ ಹೋದವನು ಕೈಯಲ್ಲೊಂದು ಚೀಟಿ ಹಿಡಿದು ಓಡಿಬಂದ. ಸ್ವೀಡನ್ನಿನವರು ಎದುರಿಗೆ ಸಿಕ್ಕಿ ಜಗಳವಾಡುವುದಿಲ್ಲ, ಚೀಟಿ ಬರೆದು ಅಂಟಿಸುತ್ತಾರೆ. ನಮ್ಮ ಬೀಗದ ಮೇಲೆ ಭಾರತದವರ ಹೆಸರಿದ್ದುದರಿಂದ ಈ ಚೀಟಿ ಇಂಗ್ಲಿಷಿನಲ್ಲಿತ್ತು. ಅದರ ಸಾರಾಂಶ ಇದು:

"ಮಾನ್ಯ ನೆರೆಯವರೇ, ಜಾಲರಿಯನ್ನು ಶುಚಿಗೊಳಿಸುವ ಸಂತೋಷದಿಂದ ತಾವು ವಂಚಿತರಾಗಿರುವುದನ್ನು ವಿಷಾದದಿಂದ ಗಮನಿಸಿರುತ್ತೇನೆ. ತಮ್ಮ ವೇಳೆ ಹತ್ತು ಗಂಟೆಗೆ ಮುಗಿದಿದ್ದರೂ ಹತ್ತು ಗಂಟೆ ಹನ್ನೊಂದು ನಿಮಿಷದವರೆಗೆ ತಮ್ಮ ನಾಲ್ಕು ಅತಿ ಉದ್ದನೆಯ ಮೇಜುಬಟ್ಟೆಗಳನ್ನು ನೋಡುತ್ತ ನಿಲ್ಲುವ ಪ್ರಸಂಗ ನನಗೆ ಒದಗಿತು. ಇದು ಮರುಕಳಿಸಲಾರದೆಂಬ ದೃಢ ವಿಶ್ವಾಸದೊಂದಿಗೆ, ಬಿರ್ಗಿಟ್ಟಾ, ಮೂರನೇ ಮಹಡಿ."

ಮೇಜುಬಟ್ಟೆಗಳು ನನ್ನ ಪಂಚೆಗಳು. ನಾನು ಬೆವರಿ ಕುರ್ಚಿಯಲ್ಲಿ ಕುಸಿದೆ. ಹಯವದನ ಕುಣಿಯುತ್ತಿದ್ದ.

"ಚಿಕ್ಕಪ್ಪ! ಐವತ್ತೆಂಟು ಪದ! ಒಂದೊಂದೂ ಹೇಗಿದೆ ನೋಡಿ! ನನಗೋಸ್ಕರ ಬರ್ದಿದಾರೆ!"

"ಬೈದು ಬರೆದಿದಾರೆ ಕಣೋ!"

"ಬೈಲಿ ಬಿಡಿ. ಬೈಯೋಕಾದ್ರೂ ಮಾತಾಡ್ಸಿದ್ರಲ್ಲ."

ಆ ರಾತ್ರಿಯೇ ನಿಘಂಟು ಹರಡಿಕೊಂಡು ಒಂದೂವರೆ ಪುಟದ ಕ್ಷಮಾಪಣೆ ಬರೆದು ಅಂಟಿಸಿದ. ಮರುದಿನ ಉತ್ತರ ಬಂತು. ಕ್ಷಮಾಪಣೆಯನ್ನು ಸ್ವೀಕರಿಸಲಾಗಿದೆ, ಆದರೆ ಎರಡನೇ ಪ್ಯಾರಾದ ಧಾಟಿ ತುಸು ಉತ್ಪ್ರೇಕ್ಷೆಯಾಯಿತು ಎಂದು. ಇವನು ಧಾಟಿ ತಿದ್ದಿಕೊಂಡು ಮತ್ತೆ ಬರೆದ. ಅದಕ್ಕೆ ಉತ್ತರವಿಲ್ಲ. ಒಂದು ವಾರ ಕಾದ, ಎರಡು ವಾರ ಕಾದ. ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಗೋಡೆ ಬೋಳಾಗಿಯೇ ಉಳಿಯಿತು.

ಆಗ ಅವನಿಗೆ ಜ್ಞಾನೋದಯವಾಯಿತು: ಅಪರಾಧವಿಲ್ಲದೆ ಅಕ್ಷರವಿಲ್ಲ.

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ, ನನಗೆ ತಿಳಿದಿರಲಿಲ್ಲ. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಪಠ್ಯಕ್ರಮ ತಯಾರಿಸಿದ್ದ. ಯಂತ್ರದಲ್ಲಿ ಒಂದು ಕಾಲುಚೀಲ ಬಿಟ್ಟರೆ ಮೂವತ್ತು ಪದದ ಚೀಟಿ. ಜಾಲರಿ ಬಿಟ್ಟರೆ ಅರವತ್ತು. ಒಣಗಿಸುವ ಕೋಣೆಯ ಬಾಗಿಲು ತೆರೆದಿಟ್ಟರೆ ತೊಂಬತ್ತು, ಜೊತೆಗೆ ಒಂದೆರಡು ಗಾದೆ. ಸೋಮವಾರ ಕಾಲುಚೀಲ, ಬುಧವಾರ ಜಾಲರಿ, ಶುಕ್ರವಾರ ಬಾಗಿಲು. ಮಾರ್ಚ್ ತಿಂಗಳಲ್ಲಿ ಧೈರ್ಯ ಬೆಳೆದು, ಬಿರ್ಗಿಟ್ಟಾ ಅವರು ಮೂವತ್ತನಾಲ್ಕು ವರ್ಷದಿಂದ ಒಗೆಯುತ್ತ ಬಂದಿದ್ದ ಮಂಗಳವಾರ ಬೆಳಗಿನ ವೇಳೆಗೇ ನಮ್ಮ ಬೀಗ ಸಿಕ್ಕಿಸಿದ. ಎರಡು ಪುಟ ಬಂತು. ಎರಡೂ ಕಡೆ ಬರೆದದ್ದು.

ಅಷ್ಟೇ ಆಗಿದ್ದರೆ ಬಚಾವ್. ಆ ಚೀಟಿಗಳನ್ನು ಉಳಿದ ಮನೆಯವರೂ ಓದತೊಡಗಿದರು. ಓದಿದವರು ಕೆಳಗೆ ತಮ್ಮದೂ ಒಂದು ಸಾಲು ಸೇರಿಸಿದರು. ಒಂದನೇ ಮಹಡಿಯವರು ಬಿರ್ಗಿಟ್ಟಾ ಪರ, ನಾಲ್ಕನೆಯವರು ಕಾಲುಚೀಲದ ಪರ. ಹದಿನೈದು ವರ್ಷ ಮುಖ ನೋಡದ ಜನ ಗೋಡೆಯ ಮೇಲೆ ಹರಟೆಗಿಳಿದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಲ್ಲಿ ಮಾತೇ ಇಲ್ಲದೆ ಕುರುಕ್ಷೇತ್ರ ನಡೆಯುತ್ತಿತ್ತು.

ಅತ್ತ ತುಮಕೂರಿನಲ್ಲಿ ಇನ್ನೊಂದು ರಾದ್ಧಾಂತ. ಹಯವದನ ತನ್ನ ಪ್ರಗತಿ ತೋರಿಸಲು ಚೀಟಿಯೊಂದರ ಫೋಟೋ ಅಮ್ಮನಿಗೆ ಕಳಿಸಿದ. ಅತ್ತಿಗೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೇಲಿನ "ಡಿಯರ್ ಹಯವದನ" ಅರ್ಥವಾಯಿತು, ಕೆಳಗಿನ "ಯುವರ್ಸ್, ಬಿರ್ಗಿಟ್ಟಾ" ಅರ್ಥವಾಯಿತು. ನಡುವಿನದನ್ನು ಊಹಿಸಿಕೊಂಡರು.

"ಜಾನೂ, ಯಾರೇ ಅದು ಬಿರ್ಗಿಟ್ಟಾ?" ಫೋನಿನಲ್ಲಿ ಅಳುವುದೊಂದು ಬಾಕಿ. "ವಾರಕ್ಕೆ ಮೂರು ಕಾಗದ ಬರೀತಾಳಂತೆ! ನಿನ್ನ ಮನೇಲಿ ಬಿಟ್ಟಿದ್ದಕ್ಕೆ ಇದೇನೇ ನೀನು ನೋಡ್ಕೊಂಡಿದ್ದು?"

"ಅಕ್ಕಾ, ಅವ್ರಿಗೆ ಎಪ್ಪತ್ತನಾಲ್ಕು ವರ್ಷ ಕಣೇ."

"ಅಯ್ಯೋ ದೇವ್ರೇ," ಎಂದರು ಅತ್ತಿಗೆ, "ಜಾತಿ ಬೇರೆ ಅನ್ಕೊಂಡಿದ್ದೆ, ವಯಸ್ಸೂ ಬೇರೇನಾ!"

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಓಸ್ವಾಲ್ಡ್ ಬಂದ. ಮಂಗಳೂರಿನವನು, ಎರಡನೇ ಮಹಡಿಯಲ್ಲಿದ್ದಾನೆ, ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ. ನಾಲ್ಕು ಜನ ಬೆಂಗಳೂರಿನವರ ನಡುವೆ ಅವನ ಕನ್ನಡ ನಮ್ಮದರಂತೆಯೇ ಇರುತ್ತದೆ. ಗಾಬರಿಯಾದರೆ ಮಾತ್ರ ಊರಿನದು ಹೊರಗೆ ಬರುತ್ತದೆ. ಅಂದು ಬಾಗಿಲಲ್ಲೇ ಬಂತು.

"ಎಂಥ ಮಾರಾಯ್ರೆ ಇದು! ಗೋಡೆ ಮೇಲೆ ನಲ್ವತ್ಮೂರು ಚೀಟಿ ಉಂಟು. ಅಧ್ಯಕ್ಷ ಯೋರಾನ್ ಲೆಕ್ಕ ಮಾಡಿ ಮಾಡಿ ಬಿಪಿ ಏರಿಸಿಕೊಂಡಿದ್ದಾನೆ. ಯಾರೋ ಬೇಕಂತಲೇ ಸಂಘ ಒಡೀತಿದ್ದಾರೆ ಅಂತ ಅವನ ಡೌಟು. ಎಲ್ಲ ಚೀಟಿ ನಿಮ್ಮ ಬೀಗದಿಂದಲೇ ಶುರುವಾದದ್ದು. ಗುರುವಾರ ವಿಶೇಷ ಸಭೆ. ಮೂರು ತಿಂಗಳು ನಿಮ್ಮ ಬೀಗ ಕಿತ್ತುಕೊಳ್ಳೋದು ಅಂತ ಪ್ರಸ್ತಾವ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಹಯವದನನ ಕಡೆ ತಿರುಗಿದೆ. ಅವನು ನೋಟ್‌ಬುಕ್ ತಂದು ಮುಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡ. ಓದುತ್ತ ಓದುತ್ತ ಜಾನಕಿ ಬಾಯಿಗೆ ಸೆರಗು ಹಿಡಿದಳು. ನನಗೆ ನಗು ಬರಲಿಲ್ಲ. ಮೂರು ತಿಂಗಳು ನನ್ನ ಪಂಚೆಗಳನ್ನು ಬಾತ್‌ರೂಮಿನಲ್ಲಿ ಕುಕ್ಕಿ ಒಗೆಯುವ ದೃಶ್ಯ ಕಣ್ಣ ಮುಂದೆ ಕುಣಿಯುತ್ತಿತ್ತು.

"ಪಂಚೆ ಬಿಡಿ ಚಿಕ್ಕಪ್ಪ, ಪರೀಕ್ಷೆಗೆ ಇನ್ನು ಐದೇ ವಾರ. ಬೀಗ ಹೋದ್ರೆ ನನ್ನ ಸ್ಕೂಲೇ ಮುಚ್ಚಿಹೋಗತ್ತೆ," ಎಂದ ಹಯವದನ. ಅವನ ಮುಖ ನೋಡಿದರೆ ನಿಜಕ್ಕೂ ಪಾಪ ಎನಿಸಿತು.

ಗುರುವಾರ ಸಭೆ. ಥರ್ಮಾಸಿನಲ್ಲಿ ಕಾಫಿ, ತಟ್ಟೆಯಲ್ಲಿ ದಾಲ್ಚಿನ್ನಿ ಬನ್ನು. ಇಪ್ಪತ್ತೆಂಟು ಮನೆಯವರೂ ಕಾಲಿನ ಬೂಟು ನೋಡುತ್ತ ಕೂತಿದ್ದರು. ಯೋರಾನ್ ಎದ್ದು, ಗಂಟಲು ಸರಿಮಾಡಿಕೊಂಡು, ಹಯವದನ ತನ್ನ ನಡವಳಿಕೆಗೆ ವಿವರಣೆ ಕೊಡಬೇಕೆಂದ.

ಹಯವದನ ಎದ್ದು ನಿಂತ. ಬಾಯಿ ತೆರೆದ. ಬಾಯಿ ಮುಚ್ಚಿದ. ಯೋರಾನನ ಮುಂದಿದ್ದ ನೀರಿನ ಲೋಟ ಎತ್ತಿ ಗಟಗಟ ಕುಡಿದ. ಮುಗಿಯಿತು ಕಥೆ, ಕೈಮುಗಿದು ಹೊರಟ ಎಂದುಕೊಂಡೆ. ಅವನು ಹೊರಡಲಿಲ್ಲ. ಜೇಬಿನಿಂದ ಚೀಟಿ ತೆಗೆದು, ಗೋಡೆಗೆ ಒತ್ತಿಕೊಂಡು ಎರಡು ನಿಮಿಷ ಬರೆದು, ಅಲ್ಲೇ ಅಂಟಿಸಿ, ಬಂದು ಕೂತ.

ಸಭೆ ಎದ್ದು ಹೋಗಿ ಸಾಲಾಗಿ ನಿಂತು ಓದಿತು. ಯಾರೋ ಪೆನ್ನು ತೆಗೆದು ಉತ್ತರ ಬರೆದರು. ಇನ್ನೊಬ್ಬರು ಅದಕ್ಕೆ ತಿದ್ದುಪಡಿ ಅಂಟಿಸಿದರು. ಜನರ ಮುಖದ ಮೇಲೆ ಎಂಥ ನೆಮ್ಮದಿ! ಒಂದು ಗಂಟೆ ನಲವತ್ತು ನಿಮಿಷ ಪೆನ್ನಿನ ಪರಪರ, ಟೇಪಿನ ಚರಚರ ಬಿಟ್ಟರೆ ಸದ್ದಿಲ್ಲ. ಸಂಘದ ಇತಿಹಾಸದಲ್ಲೇ ಇಷ್ಟು ಚೆನ್ನಾಗಿ ಸಭೆ ನಡೆದದ್ದಿಲ್ಲ ಎಂದು ಯೋರಾನ್ ಸಹ ಒಂದು ಚೀಟಿ ಅಂಟಿಸಿದ.

ಹಯವದನ ಬರೆದದ್ದು ಇಷ್ಟೇ: ತಪ್ಪುಗಳೆಲ್ಲ ನನ್ನವು, ಬೇಕೆಂದೇ ಮಾಡಿದೆ. ಇಂಗ್ಲಿಷ್ ಕಲಿಯಲು ನನಗೆ ನಿಮ್ಮ ಕೋಪ ಬಿಟ್ಟು ಬೇರೆ ದಾರಿ ಸಿಗಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಸಣ್ಣಕಾಯದ ಮುದುಕಿ ಎದ್ದರು. ಅವರೇ ಬಿರ್ಗಿಟ್ಟಾ. ಅವರ ಚೀಟಿ ಹೀಗಿತ್ತು: "ಈ ಯುವಕನ ಜಾಲರಿ ಕೊಳಕು. ವಾಕ್ಯ ಶುಭ್ರ. ಬೀಗ ಉಳಿಸಿಕೊಳ್ಳಲಿ, ಇನ್ನು ಮೇಲೆ ಮಂಗಳವಾರ, ಗುರುವಾರ ಸಂಜೆ ಐದಕ್ಕೆ ನಮ್ಮ ಮನೆಗೆ ಬಂದು ಬಾಯಿಬಿಟ್ಟು ಮಾತಾಡಲಿ." ಅಂಗೀಕಾರವಾಯಿತು.

ಮಂಗಳವಾರ ಹಯವದನ ತಲೆ ಬಾಚಿಕೊಂಡು ಹೋದ. ಆರಕ್ಕೆ ವಾಪಸು ಬಂದ.

"ಏನ್ ಮಾತಾಡಿದ್ರೋ?" ಎಂದಳು ಜಾನಕಿ.

"ಏನೂ ಇಲ್ಲ."

"ನೀನು ಮಾತಾಡ್ಲಿಲ್ವಾ?"

"ಅವ್ರೂ ಮಾತಾಡ್ಲಿಲ್ಲ. ಕಾಫಿ ಕೊಟ್ರು, ಬನ್ ಕೊಟ್ರು, ಐವತ್ತು ನಿಮಿಷ ಇಬ್ರೂ ಕಿಟಕಿ ನೋಡಿದ್ವಿ."

ರಾತ್ರಿ ನಮ್ಮ ಬಾಗಿಲ ಕಿಂಡಿಯಿಂದ ಒಂದು ಚೀಟಿ ಬಿತ್ತು. ಇಲ್ಲಿ ಪ್ರತಿ ಬಾಗಿಲಿಗೂ ನಡುವೆ ಅಂಚೆ ಹಾಕಲೊಂದು ಮುಚ್ಚಳದ ಕಿಂಡಿ ಇರುತ್ತದೆ. ಬಿರ್ಗಿಟ್ಟಾ ಬರೆದಿದ್ದರು: "ಒಂದು ಸತ್ಯ ಹೇಳಬೇಕಾಗಿದೆ. ನಾನು ಮೂವತ್ತೊಂದು ವರ್ಷ ಒಂದು ರಫ್ತು ಕಂಪನಿಯಲ್ಲಿ ಕೂತು, ಗಿರಾಕಿಗಳ ದೂರುಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದವಳು. ಒಂದು ದಿನವೂ ಇಂಗ್ಲಿಷ್ ಮಾತಾಡಿದವಳಲ್ಲ. ಫೋನ್ ಬಂದರೆ ಪಕ್ಕದ ಮೇಜಿನವರಿಗೆ ಕೊಟ್ಟುಬಿಡುತ್ತಿದ್ದೆ. ನನಗೆ ಹೆದರಿಕೆ."

ಅಂದರೆ ನಮ್ಮ ಹುಡುಗ ಮೂರು ತಿಂಗಳು ಕಷ್ಟಪಟ್ಟು ಕಲಿತ ಇಂಗ್ಲಿಷ್ ಹಳೆಯ ಕಂಪನಿಯೊಂದು ಹಾಳಾದ ಸರಕಿಗೆ ಸಮಜಾಯಿಷಿ ಕೊಡುವ ಇಂಗ್ಲಿಷ್. ಕಲಿಸಿದವರು ಅವನಷ್ಟೇ ಮೂಕರು. ಕುರುಡನ ಕೈ ಕುರುಡ ಹಿಡಿದದ್ದನ್ನು ಕಂಡಿದ್ದೆ, ಮೂಕರ ಈ ಜೋಡಿ ನನಗೂ ಹೊಸದು.

ಹಯವದನ ಉತ್ತರ ಬರೆದುಕೊಂಡು ಮೇಲೆ ಓಡಿದ. ಮೊಣಕಾಲೂರಿ ಅವರ ಬಾಗಿಲ ಕಿಂಡಿಗೆ ತುರುಕಿದ. ಕಾಗದ ದಪ್ಪ, ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗಿನಿಂದ ಅವರು ಎಳೆದರು, ಹರಿಯುವ ಸದ್ದಾಯಿತು.

"ದಯವಿಟ್ಟು ಮೆಲ್ಲಗೆ ಎಳೆಯಿರಿ," ಎಂದು ಹಯವದನ ಇಂಗ್ಲಿಷಿನಲ್ಲಿ ಕೂಗಿದ.

"ಮೆಲ್ಲಗೆಯೇ ಎಳೆಯುತ್ತಿದ್ದೇನೆ," ಎಂದರು ಒಳಗಿನಿಂದ, ಇಂಗ್ಲಿಷಿನಲ್ಲಿ.

ಆಮೇಲೆ ಮುಚ್ಚಳ ನಿಧಾನವಾಗಿ ಮೇಲೆದ್ದಿತು. "ಈಗ ಮಾತಾಡಿದ್ದು ನೀನೇ?"

"ನಾನೇ. ತಾವು?"

"ನಾನೇ ಇರಬೇಕು. ಇಲ್ಲಿ ಬೇರೆ ಯಾರೂ ಇಲ್ಲ."

ಅವತ್ತಿನಿಂದ ಪಾಠ ಕಿಂಡಿಯಲ್ಲೇ. ಮುಖ ಕಾಣದಿದ್ದರೆ ಇಬ್ಬರಿಗೂ ಮಾತು ಧಾರಾಕಾರ. ಮೊಣಕಾಲು ನೋಯುತ್ತದೆಂದು ಜಾನಕಿ ಅವನಿಗೆ ದೇವರ ಮನೆಯ ಮಣೆ ಕೊಟ್ಟಳು. ಕಿಂಡಿಯಿಂದ ಬನ್ನು ಹೊರಗೆ ಬರುತ್ತಿತ್ತು, ಚಕ್ಕುಲಿ ಒಳಗೆ ಹೋಗುತ್ತಿತ್ತು. ಮಣೆಯ ಮೇಲೆ ಕೂತು ಬಾಗಿಲಿಗೆ ಬಾಯಿಟ್ಟ ಹುಡುಗನನ್ನು ಯೋರಾನ್ ಒಮ್ಮೆ ನೋಡಿ, ಸದ್ದಿಲ್ಲದೆ ಹಿಂದೆ ಸರಿದು, ಮತ್ತೆ ತನ್ನ ಮನೆಯೊಳಗೆ ಹೋಗಿಬಿಟ್ಟ. ಅಂದು ಅವನು ಸಂಜೆಯ ವಾಕಿಂಗಿಗೆ ಒಂದು ಗಂಟೆ ತಡವಾಗಿ ಹೋದನಂತೆ.

ಜೂನ್ ಬಂತು. ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಕೋಣೆಯಲ್ಲಿ ಮೂವರು ಪರೀಕ್ಷಕರು. ಹಯವದನ ಒಳಗೆ ಹೋಗಿ ಒಂದು ಚೀಟಿ ಕೊಟ್ಟ: ನಾನು ಬಾಗಿಲ ಹೊರಗೆ ಕೂತು ಮಾತಾಡಲು ಅಪ್ಪಣೆಯಾಗಬೇಕು. ನಮ್ಮೂರಲ್ಲಾಗಿದ್ದರೆ ಕತ್ತು ಹಿಡಿದು ಹೊರಗೆ ಹಾಕುತ್ತಿದ್ದರು, ಆಗ ಅವನ ಅರ್ಧ ಕೋರಿಕೆಯಾದರೂ ಈಡೇರುತ್ತಿತ್ತು. ಇಲ್ಲಿ ಮೂವರೂ ತಲೆ ಸೇರಿಸಿ ಚರ್ಚಿಸಿದರು. ನಿಯಮದಲ್ಲಿ ಬಾಯಿ ಎಂದಿದೆ, ಮುಖ ಎಂದಿಲ್ಲ ಎಂದೊಬ್ಬರು. ಯಾರಿಗಾದರೂ ವಿರೋಧವಿದೆಯೇ ಎಂದಿನ್ನೊಬ್ಬರು. ಹದಿನೈದು ನಿಮಿಷದಲ್ಲಿ ಒಮ್ಮತ ಮೂಡಿತು.

ಆ ಬಾಗಿಲಿಗೆ ಕಿಂಡಿ ಇರಲಿಲ್ಲ. ಎರಡು ಬೆರಳಷ್ಟು ತೆರೆದಿಟ್ಟರು. ಹಯವದನ ನೆಲದ ಮೇಲೆ ಪದ್ಮಾಸನ ಹಾಕಿ ಶುರು ಮಾಡಿದ. ವಿಷಯ, ನೀರೆತ್ತುವ ಪಂಪುಗಳು. "ಸದರಿ ಪಂಪು ತನ್ನ ಕರ್ತವ್ಯದಲ್ಲಿ ತೋರಿದ ನಿರ್ಲಕ್ಷ್ಯವನ್ನು ವಿಷಾದದಿಂದ ಗಮನಿಸಿರುತ್ತೇವೆ" ಎಂದು ಇಂಗ್ಲಿಷಿನಲ್ಲಿ ಮೊದಲ ವಾಕ್ಯ ಹೊರಬಿತ್ತು. ಅಲ್ಲಿಂದ ತಡೆಯಿಲ್ಲ. ಒಳಗಿನಿಂದ ಪ್ರಶ್ನೆ ಬಂದಂತೆಲ್ಲ "ತಮ್ಮ ಕಳವಳ ಸಂಪೂರ್ಣ ನ್ಯಾಯವಾದದ್ದು" ಎಂದು ಸಮಾಧಾನ ಹೇಳಿ ಉತ್ತರ ಕೊಟ್ಟ. ಇಪ್ಪತ್ತು ನಿಮಿಷ ನಲವತ್ತಾಯಿತು. ಹಾದುಹೋಗುವ ಹುಡುಗರು ನನ್ನ ಮುಖ ನೋಡಿದರು. ನಾನು ಯಾರೋ ಎನ್ನುವಂತೆ ಗೋಡೆಯ ಮೇಲಿನ ಬೆಂಕಿ ನಂದಿಸುವ ಸೂಚನೆ ಓದುತ್ತ ನಿಂತೆ. ಆದರೆ ಎದೆಯೊಳಗೆ ಖುಷಿ ಉಕ್ಕುತ್ತಿತ್ತು. ಮಾತಾಡ್ತಿದಾನಲ್ಲ ಕೂಸು! ಮಾತಾಡ್ತಿದಾನೆ!

ಪಾಸು. ಮುಖ್ಯ ಪರೀಕ್ಷಕಿ ಹೊರಗೆ ಬಂದು ಕೈಕುಲುಕಿ, ಇಷ್ಟು ಸೌಜನ್ಯದಿಂದ ಪಂಪನ್ನು ಬೈದದ್ದನ್ನು ತಾನು ಕೇಳಿಯೇ ಇಲ್ಲ ಎಂದರು. ಹಯವದನ ಅವರ ಮುಖ ನೋಡಿದ್ದೇ ತಡ, ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡ.

ಊರಿಗೂ ಫೋನ್ ಮಾಡಲಿಲ್ಲ, ಮನೆಗೂ ಹೋಗಲಿಲ್ಲ. ನೆಟ್ಟಗೆ ಮೂರನೇ ಮಹಡಿಗೆ ಹತ್ತಿದ. ನಾನು ಏದುಸಿರು ಬಿಡುತ್ತ ಹಿಂದೆ. ಬೆಲ್ ಒತ್ತಿದ. ಬಿರ್ಗಿಟ್ಟಾ ಕಾದಿದ್ದರೆಂದು ಕಾಣುತ್ತದೆ, ಬಾಗಿಲನ್ನು ಪೂರ್ತಿ ತೆರೆದರು. ಒಳ್ಳೆಯ ನೀಲಿ ಅಂಗಿ ಹಾಕಿಕೊಂಡಿದ್ದರು. ಇವನು ಬಾಯಿ ತೆರೆದ. ಅವರೂ ತೆರೆದರು. ಇಬ್ಬರೂ ಕೆಂಪಾದರು, ಇಬ್ಬರೂ ಬಾಯಿ ಮುಚ್ಚಿದರು. ಆಮೇಲೆ ಬಿರ್ಗಿಟ್ಟಾ ಒಂದು ಹೆಜ್ಜೆ ಹಿಂದೆ ಸರಿದು ಹುಡುಗನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡರು.

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದಿನದ ಚಕ್ಕುಲಿ, ಇಷ್ಟು ದಿನದ ಮಾತು, ಕೊನೆಗೆ ಇದೇನಾ ಮರ್ಯಾದೆ? ಬಾರೋ ಹೋಗೋಣ ಎಂದು ಅವನ ತೋಳು ಹಿಡಿದೆ. ಅವನು ಬರಲಿಲ್ಲ. ಬಾಗಿಲ ಮುಂದೆ ಕೂತುಬಿಟ್ಟ.

ಕಿಂಡಿಯ ಮುಚ್ಚಳ ಮೇಲೆದ್ದಿತು.

"ಮೊದಲಿನಿಂದ ಹೇಳು," ಎಂದಿತು ಒಳಗಿನ ದನಿ. "ಒಂದನ್ನೂ ಬಿಡಬೇಡ."

ಅವನು ಹೇಳಿದ. ಪರೀಕ್ಷಕರ ಒಮ್ಮತ, ಎರಡು ಬೆರಳಿನ ಸಂದು, ಪಂಪು, ಎಲ್ಲ. ಒಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಎಪ್ಪತ್ತನಾಲ್ಕು ವರ್ಷದವರು ಹಾಗೆ ನಕ್ಕದ್ದು ನಾನು ಈ ದೇಶದಲ್ಲಿ ಕೇಳಿರಲಿಲ್ಲ. ನಾನೂ ಮೆಟ್ಟಿಲ ಮೇಲೆ ಕೂತೆ. ಯಾಕೋ ಕಣ್ಣು ತುಂಬಿಕೊಂಡಿತು.

"ಮುಂದಿನ ವಾರ ಹೊರಡುತ್ತೀಯಲ್ಲವೇ?" ಎಂದರು ಬಿರ್ಗಿಟ್ಟಾ.

"ಹೌದು."

ಹಯವದನ ಕಿಂಡಿಗೆ ಕಿವಿಯಿಟ್ಟ.

"ನಿಮ್ಮ ಊರಿನ ಮನೆಯ ಬಾಗಿಲಿಗೆ ಇಂಥದೊಂದು ಇದೆಯೇ?"

"ಇಲ್ಲ."

"ಹಾಗಾದರೆ ಕೊರೆಸಿಡು. ಜನವರಿಗೆ ಟಿಕೆಟ್ ತೆಗೆದುಕೊಂಡಿದ್ದೇನೆ."

ಅಂದು ಸಂಜೆ ತುಮಕೂರಿಗೆ ಫೋನ್ ಮಾಡಿ, ಹುಡುಗ ಪಾಸು, ನಾಳೆಯೇ ಬಡಗಿಯನ್ನು ಕರೆಸಿ ಎಂದು ಅತ್ತಿಗೆಗೆ ಹೇಳಿದೆ. ಬಡಗಿ ಯಾಕೆ, ಯಾರು ಬರುತ್ತಿದ್ದಾರೆ, ಬಂದವರು ಬಾಗಿಲ ಹೊರಗೆ ಯಾಕೆ ಕೂರಬೇಕು ಎಂದು ಅವರು ಕೇಳುತ್ತಲೇ ಇದ್ದರು. ನಾನು ಬಿರ್ಗಿಟ್ಟಾ ಅವರಂತೆ ಫೋನನ್ನು ಪಕ್ಕದಲ್ಲಿದ್ದ ಜಾನಕಿಗೆ ಕೊಟ್ಟುಬಿಟ್ಟೆ.